ಸೋಕಾ: ಹೆಸರಿನೊಳಗಿನ ಕಕಾರ

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಕ್ರಿಕೆಟ್. ೧೯೭೧ರಲ್ಲಿ ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ನಮ್ಮ ದೇಶದ ತಂಡ ವೆಸ್ಟ್ ಇಂಡೀಸನ್ನು ಟೆಸ್ಟ್ ಪಂದ್ಯವೊಂದರಲ್ಲಿ ಮೊಟ್ಟಮೊದಲ ಬಾರಿಗೆ ಸೋಲಿಸಿತು. ನಮ್ಮ ಪ್ರಸನ್ನ, ನಮ್ಮ ವಿಶ್ವನಾಥ್ ಇಬ್ಬರೂ ಆ ಪ್ರವಾಸಕ್ಕೆ ಹೋದ ತಂಡದಲ್ಲಿದ್ದರು. ಆ ಸರಣಿಯಲ್ಲಿ ಹೊಸಬರಾಗಿ ಕಾಲಿಟ್ಟ ಸುನಿಲ್ ಗಾವಸ್ಕರ್ ನಾಲ್ಕು ಪಂದ್ಯಗಳಲ್ಲಿ ೭೭೪ ಓಟ ಗಳಿಸಿದರು. ಸೋತ ನಾಡಿನವರು ಮುಖ ಸಿಂಡರಿಸಿಕೊಂಡು ಕುಳಿತರೆಂದು ನೀವು ಭಾವಿಸಿದರೆ ಅದು ತಪ್ಪು. ಟ್ರಿನಿಡಾಡಿನವನೇ ಆದ ಲಾರ್ಡ್ ರಿಲೇಟರ್ ಎಂಬ ಹಾಡುಗಾರ ಗಾವಸ್ಕರರನ್ನು ಹೊಗಳಿ ಹಾಡು ಕಟ್ಟಿದ. ಊರಿಗೆ ಊರೇ ಅದನ್ನು ಹಾಡಿತು. ಆ ನಾಡಿನ ಪದ್ಧತಿಯೇ ಹಾಗೆ. ಚುನಾವಣೆಯಾಗಲಿ, ಕ್ರಿಕೆಟ್ಟಾಗಲಿ, ಅಕ್ಕಿಯ ಬೆಲೆಯಾಗಲಿ, ದೊಡ್ಡ ಮನುಷ್ಯರ ಗುಟ್ಟಾಗಲಿ, ಹಾಡಾಗದೆ ಉಳಿಯುವುದಿಲ್ಲ. ಇಂಥ ಹಾಡಿಗೆ ಕ್ಯಾಲಿಪ್ಸೊ ಎಂದು ಹೆಸರು.

ಕ್ಯಾಲಿಪ್ಸೊ ಎಂಬ ಮಾತು ನಮಗೆ ತೀರ ಅಪರಿಚಿತವೇನಲ್ಲ. ೧೯೫೬ರಲ್ಲಿ ಅಮೆರಿಕದ ಹ್ಯಾರಿ ಬೆಲಾಫಾಂಟೆ ಅದೇ ಹೆಸರಿನ ಧ್ವನಿಮುದ್ರಿಕೆಯನ್ನು ಹೊರತಂದು ಜಗತ್ತಿಗೆಲ್ಲ ಅದನ್ನು ಪರಿಚಯ ಮಾಡಿಕೊಟ್ಟ. ಆದರೆ ಕ್ಯಾಲಿಪ್ಸೊದ ಹೊಟ್ಟೆಯಲ್ಲಿ ಹುಟ್ಟಿದ ‘ಸೋಕಾ’ ಎಂಬ ಕುಣಿತದ ಸಂಗೀತದ ಹೆಸರು ನಮ್ಮಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ಹೆಸರು ಗೊತ್ತಿಲ್ಲದಿದ್ದರೇನು, ಅದರ ನೆರಳು ನಿಮ್ಮ ಮನೆಯ ರೇಡಿಯೋದೊಳಗೆ ಎಂದೋ ಬಂದುಹೋಗಿದೆ. ೧೯೮೦ರ ‘ಕರ್ಜ್’ ಎಂಬ ಹಿಂದಿ ಚಿತ್ರಕ್ಕಾಗಿ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಸ್ವರ ಹಾಕಿ ಕಿಶೋರ್ ಕುಮಾರ್ ಹಾಡಿದ ‘ಓಂ ಶಾಂತಿ ಓಂ’ ಗೀತೆಯನ್ನು ನೀವು ಎಷ್ಟೋ ಸಲ ಕೇಳಿರಬಹುದು. ಅದಕ್ಕೆ ಸ್ವಲ್ಪ ಮೊದಲೇ, ೧೯೭೦ರ ದಶಕದ ಕೊನೆಯಲ್ಲಿ, ಟ್ರಿನಿಡಾಡಿನಲ್ಲಿ ಅದೇ ಮಾತುಗಳನ್ನು ಪಲ್ಲವಿಯಾಗಿ ಉಳ್ಳ ಸೋಕಾ ಹಾಡೊಂದು ಬಂದಿತ್ತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದವರಿಗೆ ಅವುಗಳ ನಂಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಡಿದವನು ಲಾರ್ಡ್ ಶಾರ್ಟಿ. ಸೋಕಾದ ಜನಕನೆಂದು ಹೆಸರಾದವನು. ಆತ ಆಫ್ರಿಕನ್ ಸಂತತಿಯವನು. ಆತನ ಬಾಯಿಗೆ ‘ಓಂ ಶಾಂತಿ’ ಹೇಗೆ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಸೋಕಾದ ಹುಟ್ಟೂ ತಿಳಿಯುತ್ತದೆ, ಅರ್ಥವೂ ತಿಳಿಯುತ್ತದೆ.

ಟ್ರಿನಿಡಾಡ್ ದೊಡ್ಡ ದ್ವೀಪವಲ್ಲ. ನಮ್ಮ ಕೊಡಗು ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ದಕ್ಷಿಣ ಅಮೆರಿಕದ ವೆನಿಜುವೆಲಾ ದೇಶದ ಕರಾವಳಿಗೆ ಅಂಟಿಕೊಂಡಂತೆ ಇದೆ. ೧೪೯೮ರಲ್ಲಿ ಕೊಲಂಬಸ್ ಅಲ್ಲಿಗೆ ಬಂದ ಮೇಲೆ ಮುನ್ನೂರು ವರ್ಷ ಅದು ಸ್ಪೇನಿನವರ ಕೈಯಲ್ಲಿತ್ತು. ೧೭೮೩ರಲ್ಲಿ ಸ್ಪೇನಿನ ಅರಸು ಹೊರಡಿಸಿದ ಆಜ್ಞೆಯೊಂದರ ಫಲವಾಗಿ ಸುತ್ತಲ ದ್ವೀಪಗಳ ಫ್ರೆಂಚ್ ತೋಟಗಾರರು ತಮ್ಮ ಆಫ್ರಿಕನ್ ಗುಲಾಮರೊಡನೆ ಬಂದು ನೆಲೆಸಿದರು. ೧೭೯೭ರಲ್ಲಿ ಬ್ರಿಟಿಷರು ದ್ವೀಪವನ್ನು ಗೆದ್ದುಕೊಂಡರು. ಹೀಗೆ ನೆಲ ಸ್ಪೇನಿನದು, ತೋಟ ಫ್ರೆಂಚರದು, ಆಳಿಕೆ ಇಂಗ್ಲಿಷರದು. ಬೆವರು ಮಾತ್ರ ಆಫ್ರಿಕದವರದು. ೧೮೩೪ರಲ್ಲಿ ಕಾಯಿದೆಯ ಮೂಲಕ ಗುಲಾಮಗಿರಿ ಕೊನೆಗೊಂಡಿತು. ನಿಜವಾದ ಬಿಡುಗಡೆ ದೊರೆತದ್ದು ೧೮೩೮ರಲ್ಲಿ.

ಫ್ರೆಂಚ್ ತೋಟಗಾರರು ತಮ್ಮೊಡನೆ ಕಾರ್ನಿವಲ್ ಎಂಬ ಹಬ್ಬವನ್ನೂ ತಂದಿದ್ದರು. ಕ್ರೈಸ್ತರ ತಪಸ್ಸು ಕಾಲ ಬೂದಿ ಬುಧವಾರದಂದು ಮೊದಲಾಗುತ್ತದೆ. ಆಮೇಲೆ ನಲವತ್ತು ದಿನ ವ್ರತ, ಸಂಯಮ. ಅದಕ್ಕೆ ಮುಂಚಿನ ಸೋಮವಾರ, ಮಂಗಳವಾರಗಳಲ್ಲಿ ಮನದಣಿಯೆ ಕುಣಿದು ಕುಪ್ಪಳಿಸುವುದೇ ಕಾರ್ನಿವಲ್. ಮೊದಲಿಗೆ ಅದು ಧಣಿಗಳ ಮನೆಯೊಳಗಿನ ವೇಷದ ಕುಣಿತವಾಗಿತ್ತು. ಗುಲಾಮಗಿರಿ ಹೋದ ಮೇಲೆ ಬಿಡುಗಡೆಯಾದ ಜನ ಅದನ್ನು ಬೀದಿಗೆ ತಂದರು. ಆ ತನಕ ಅಪ್ಪಣೆ ಇಲ್ಲದೆ ತೋಟದ ಗಡಿ ದಾಟಲಾರದಿದ್ದವರಿಗೆ ನಡುಬೀದಿಯಲ್ಲಿ ತಮ್ಮ ಇಷ್ಟದಂತೆ ಕೈಕಾಲು ಆಡಿಸುವುದೇ ಸ್ವಾತಂತ್ರ್ಯದ ಗುರುತು. ಕುಣಿತ ಅಲ್ಲಿನವರಿಗೆ ಬರಿಯ ವಿನೋದವಲ್ಲ ಎಂಬುದನ್ನು ಇಲ್ಲೇ ಗಮನಿಸಬೇಕು. ಮುಂದೆ ಸೋಕಾದ ಅರ್ಥಕ್ಕೆ ಇದೇ ಬುನಾದಿ.

ಆ ಬೀದಿಗಳಲ್ಲಿ ಕೋಲು ಹಿಡಿದು ಕಾದಾಡುವ ಆಟ ನಡೆಯುತ್ತಿತ್ತು. ಡೋಲು ಬಾರಿಸುವವರ ನಡುವೆ ಒಬ್ಬ ಮೇಳದ ಹಾಡುಗಾರ ನಿಂತು ತನ್ನ ಕಡೆಯ ಜಟ್ಟಿಯನ್ನು ಹೊಗಳಿ, ಎದುರಾಳಿಯನ್ನು ಹಂಗಿಸಿ ಒಂದು ಸಾಲು ಎಸೆಯುವನು. ಸುತ್ತ ನೆರೆದವರು ಅದಕ್ಕೆ ಸೊಲ್ಲು ಹಿಡಿಯುವರು. ಒಬ್ಬ ಕೂಗುವುದು, ಹಲವರು ಉತ್ತರಿಸುವುದು: ಇದು ಆಫ್ರಿಕದಿಂದ ಬಂದ ಕ್ರಮ. ಹಾಡು ಮೆಚ್ಚಿಗೆಯಾದರೆ ‘ಕೈಸೋ’ ಎಂದು ಕೂಗುತ್ತಿದ್ದರು. ಈ ಕೂಗಿನಿಂದಲೇ ಕ್ಯಾಲಿಪ್ಸೊ ಎಂಬ ಹೆಸರು ಬಂತೆಂದು ಬಲ್ಲವರಲ್ಲಿ ಅನೇಕರ ಮತ. ಇಂದಿಗೂ ಟ್ರಿನಿಡಾಡಿನ ಹಳಬರು ಒಳ್ಳೆಯ ಹಾಡಿಗೆ ‘ಕೈಸೋ’ ಎಂದೇ ಭೇಷ್ ಎನ್ನುತ್ತಾರೆ.

ಕತ್ತಲೆಯಲ್ಲಿ ಪಂಜು ಹಿಡಿದು ಡೋಲು ಬಾರಿಸುತ್ತ ಬರುವ ಈ ಗುಂಪುಗಳನ್ನು ಕಂಡರೆ ಸರ್ಕಾರಕ್ಕೆ ಹೆದರಿಕೆ. ೧೮೮೧ರ ಕಾರ್ನಿವಲ್‌ನಲ್ಲಿ ಪೋಲೀಸರು ಮೆರವಣಿಗೆಯನ್ನು ತಡೆಯಲು ಹೋಗಿ ದೊಡ್ಡ ಹೊಡೆದಾಟವೇ ಆಯಿತು. ೧೮೮೪ರಲ್ಲಿ ಕಾಯಿದೆಯೊಂದನ್ನು ಹೊರಡಿಸಿ ಡೋಲಿನ ಬಾಯಿ ಕಟ್ಟಿದರು. ಡೋಲು ಹೋದರೆ ಬಿದಿರು ಇದ್ದೇ ಇತ್ತು. ಗಾತ್ರ ಗಾತ್ರದ ಬಿದಿರ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ೧೯೩೦ರ ದಶಕದಲ್ಲಿ ಬಿದಿರಿನ ಜಾಗಕ್ಕೆ ಬಿಸ್ಕತ್ತಿನ ಡಬ್ಬಿ, ಕಸದ ಡಬ್ಬಿಯ ಮುಚ್ಚಳ, ಮೋಟಾರಿನ ಗಾಲಿಯೊಳಗಿನ ಕಬ್ಬಿಣದ ಬ್ರೇಕ್ ಡ್ರಮ್ ಬಂದವು. ಕೊನೆಗೆ ಎಣ್ಣೆಯ ಪೀಪಾಯಿಯನ್ನು ಬಡಿದು, ಕಾಯಿಸಿ, ಅದರಿಂದಲೇ ಸಪ್ತಸ್ವರ ಹೊರಡಿಸಿದರು. ಬಡವರ ಕೈಯಿಂದ ಒಂದನ್ನು ಕಿತ್ತುಕೊಂಡರೆ ಅವರು ಇನ್ನೊಂದನ್ನು ಮಾಡಿಕೊಳ್ಳುತ್ತಾರೆ. ತಾಳವನ್ನು ಮಾತ್ರ ಕಿತ್ತುಕೊಳ್ಳಲಾಗದು.

ಇತ್ತ ಹಾಡಿನ ಮಾತು ದಿನೇ ದಿನೇ ಹರಿತವಾಯಿತು. ಪತ್ರಿಕೆ ಕೊಳ್ಳಲಾರದವರಿಗೆ ಕ್ಯಾಲಿಪ್ಸೊವೇ ಪತ್ರಿಕೆ. ೧೯೫೬ರಲ್ಲಿ ಮೈಟಿ ಸ್ಪಾರೋ ಎಂಬ ತರುಣ, ದ್ವೀಪದಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸಿಪಾಯಿಗಳು ಹೊರಟುಹೋದಾಗ ಊರಿನ ಪಾಡೇನಾಯಿತೆಂದು ಹಾಡಿ ಸ್ಪರ್ಧೆಯಲ್ಲಿ ಗೆದ್ದ. ೧೯೮೬ರಲ್ಲಿ ಜಿಪ್ಸಿ ಎಂಬಾತ ದೇಶವನ್ನು ಮುಳುಗುವ ಹಡಗಿಗೆ ಹೋಲಿಸಿ ಹಾಡಿದ. ಆ ವರ್ಷದ ಚುನಾವಣೆಯಲ್ಲಿ ಮೂವತ್ತು ವರ್ಷದಿಂದ ಆಳುತ್ತಿದ್ದ ಪಕ್ಷ ಸೋತಿತು. ಸೋಲಿಗೆ ಆ ಹಾಡಿನ ಪಾಲೂ ಉಂಟೆಂದು ಜನ ಈಗಲೂ ಹೇಳುತ್ತಾರೆ.

ಇದು ಕಥೆಯ ಒಂದು ಅರ್ಧ. ಇನ್ನೊಂದು ಅರ್ಧ ಹಡಗು ಹತ್ತಿ ಬಂದದ್ದು ನಮ್ಮ ದೇಶದಿಂದ.

ಗುಲಾಮಗಿರಿ ಹೋದ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಾಲದೆ ಬಂತು. ಧಣಿಗಳ ಕಣ್ಣು ಇಂಡಿಯಾದ ಮೇಲೆ ಬಿತ್ತು. ೧೮೪೫ರ ಮೇ ೩೦ರಂದು ‘ಫತೇಲ್ ರಜಾಕ್’ ಎಂಬ ಹಡಗು ಸುಮಾರು ೨೨೫ ಮಂದಿಯನ್ನು ಹೊತ್ತು ಕಲ್ಕತ್ತೆಯಿಂದ ಟ್ರಿನಿಡಾಡಿಗೆ ಬಂದು ನಿಂತಿತು. ಪ್ರಯಾಣಕ್ಕೆ ಮೂರು ತಿಂಗಳಿಗೂ ಮೇಲೆ ಹಿಡಿದಿತ್ತು. ಅಲ್ಲಿಂದ ೧೯೧೭ರವರೆಗೆ ಕರಾರಿನ ಕೂಲಿಗಳಾಗಿ ಅಲ್ಲಿಗೆ ಹೋದವರು ಸುಮಾರು ೧,೪೪,೦೦೦ ಮಂದಿ. ಹೆಚ್ಚಿನವರು ಈಗಿನ ಉತ್ತರ ಪ್ರದೇಶದ ಪೂರ್ವಭಾಗ ಮತ್ತು ಬಿಹಾರದ ಕಡೆಯವರು, ಭೋಜಪುರಿ ಆಡುವವರು. ಮದರಾಸಿನ ರೇವಿನಿಂದ ಹೋದವರೂ ಕೆಲವರಿದ್ದರು. ದ್ವೀಪದ ದಕ್ಷಿಣಕ್ಕೆ ಹೋದರೆ ಇಂದಿಗೂ ಬ್ಯಾರಕ್‌ಪುರ, ಫೈಜಾಬಾದ್ ಎಂಬ ಊರುಗಳಿವೆ.

ಇವರು ಗಂಟುಮೂಟೆಯೊಡನೆ ತಮ್ಮ ವಾದ್ಯಗಳ ನೆನಪನ್ನೂ ಒಯ್ದರು. ಒಂದು ಢೋಲಕ್. ಇನ್ನೊಂದು ಧಂತಾಲ್: ನೆಟ್ಟಗಿನ ಉದ್ದನೆಯ ಉಕ್ಕಿನ ಸರಳನ್ನು ಕುದುರೆಲಾಳದಂತೆ ಬಾಗಿದ ಕಬ್ಬಿಣದ ತುಂಡಿನಿಂದ ಬಡಿದರೆ ಚಿಣ್ ಚಿಣ್ ಎಂದು ಕೊರೆಯುವ ನಾದ ಹೊರಡುತ್ತದೆ. ಮೂರನೆಯದು ತಾಸೆ. ಕುತ್ತಿಗೆಗೆ ಕಟ್ಟಿಕೊಂಡು ಎರಡು ಕಡ್ಡಿಗಳಿಂದ ಬಾರಿಸುವ ಈ ವಾದ್ಯವನ್ನು ಬೆಂಕಿಯ ಮುಂದೆ ಕಾಯಿಸಿ ಹದಗೊಳಿಸುತ್ತಾರೆ. ನಾವು ಮೊಹರಂ ಎನ್ನುವ ಆಚರಣೆಯನ್ನು ಅಲ್ಲಿ ‘ಹೋಸೇ’ ಎನ್ನುತ್ತಾರೆ. ತಾಸೆ ಅದರ ಪ್ರಾಣ. ಮುಸಲ್ಮಾನರ ಜೊತೆಗೆ ಹಿಂದೂಗಳೂ ಆಫ್ರಿಕನ್ ಸಂತತಿಯವರೂ ಆ ಮೆರವಣಿಗೆಯಲ್ಲಿ ಹೆಜ್ಜೆ ಹಾಕುತ್ತಿದ್ದರು. ೧೮೮೪ರ ಅಕ್ಟೋಬರಿನಲ್ಲಿ ಸ್ಯಾನ್ ಫರ್ನಾಂಡೋ ಪಟ್ಟಣದೊಳಕ್ಕೆ ಮೆರವಣಿಗೆ ಬರಕೂಡದೆಂದು ಸರ್ಕಾರ ತಡೆಯೊಡ್ಡಿ ಗುಂಡು ಹಾರಿಸಿತು. ಹಲವರು ಪ್ರಾಣ ಕಳೆದುಕೊಂಡರು. ಇಸವಿಯನ್ನು ಗಮನಿಸಿದಿರಾ? ಕಾರ್ನಿವಲ್‌ನ ಡೋಲಿನ ಬಾಯಿ ಕಟ್ಟಿದ ವರ್ಷವೂ ಅದೇ. ಎರಡು ಜನಾಂಗಗಳ ವಾದ್ಯಗಳಿಗೂ ಒಂದೇ ವರ್ಷ, ಒಂದೇ ಸರ್ಕಾರದಿಂದ ಪೆಟ್ಟು ಬಿತ್ತು.

ಪೆಟ್ಟು ಒಂದೇ ಆದರೂ ಬದುಕು ಬೇರೆಬೇರೆಯಾಗಿಯೇ ಉಳಿಯಿತು. ಭಾರತೀಯ ಮೂಲದವರು ಕಬ್ಬಿನ ಗದ್ದೆಯ ಹಳ್ಳಿಗಳಲ್ಲಿ. ಆಫ್ರಿಕನ್ ಮೂಲದವರು ಹೆಚ್ಚಾಗಿ ಪಟ್ಟಣಗಳಲ್ಲಿ, ಎಣ್ಣೆಯ ಬಾವಿಗಳಲ್ಲಿ. ಇವರ ಮದುವೆ ಮನೆಯಲ್ಲಿ ಢೋಲಕ್, ಅವರ ಬೀದಿಯಲ್ಲಿ ಉಕ್ಕಿನ ಪೀಪಾಯಿ. ೧೯೪೭ರಲ್ಲಿ ಅಲ್ಲಿ ರೇಡಿಯೋ ನಿಲಯ ಆರಂಭವಾದಾಗ ಕಮಾಲುದ್ದೀನ್ ಮಹಮ್ಮದ್ ಎಂಬವರು ಭಾರತೀಯ ಸಂಗೀತಕ್ಕೆ ಒಂದು ಕಾರ್ಯಕ್ರಮವನ್ನು ನಡೆಸಿಕೊಟ್ಟರು. ಹಳ್ಳಿಯ ಜನಕ್ಕೆ ತಮ್ಮ ಸಂಗೀತವೂ ಗಾಳಿಯಲ್ಲಿ ತೇಲಿ ಬರಬಲ್ಲದೆಂಬ ಹೆಮ್ಮೆ. ೧೯೬೨ರ ಆಗಸ್ಟ್ ೩೧ರಂದು ದೇಶ ಸ್ವತಂತ್ರವಾಯಿತು. ಆದರೆ ಮತ ಕೇಳುವವರು ಎರಡು ಜನಾಂಗಗಳನ್ನು ಎರಡು ಬುಟ್ಟಿಗಳಲ್ಲಿಟ್ಟು ಎಣಿಸುವುದನ್ನು ಕಲಿತಿದ್ದರು. ೨೦೧೧ರ ಜನಗಣತಿಯ ಪ್ರಕಾರ ಭಾರತೀಯ ಮೂಲದವರು ನೂರಕ್ಕೆ ೩೫, ಆಫ್ರಿಕನ್ ಮೂಲದವರು ೩೪. ತಕ್ಕಡಿ ಯಾವ ಕಡೆಗೂ ವಾಲದು. ಇಂಥಲ್ಲಿ ‘ದೇಶದ ಸಂಗೀತ’ ಯಾವುದು ಎಂಬ ಪ್ರಶ್ನೆ ಬರಿಯ ಸಂಗೀತದ ಪ್ರಶ್ನೆಯಾಗಿ ಉಳಿಯುವುದಿಲ್ಲ. ‘ನಾವು ಈ ದೇಶದವರು ಹೌದೋ ಅಲ್ಲವೋ?’ ಎಂಬುದೇ ಅದರೊಳಗಿನ ಪ್ರಶ್ನೆ.

ಈಗ ಲಾರ್ಡ್ ಶಾರ್ಟಿಯ ಬಳಿಗೆ ಬರೋಣ. ಆತನ ನಿಜವಾದ ಹೆಸರು ಗಾರ್‌ಫೀಲ್ಡ್ ಬ್ಲ್ಯಾಕ್‌ಮನ್. ೧೯೪೧ರಲ್ಲಿ ಹುಟ್ಟಿದ. ಶಾರ್ಟಿ ಎಂದರೆ ಕುಳ್ಳ. ಆದರೆ ಆಳು ಆರಡಿಗೂ ಮೀರಿದ ಎತ್ತರ! ಹಾಸ್ಯಕ್ಕೆ ಇಟ್ಟ ಹೆಸರೇ ನಿಂತುಹೋಯಿತು. ಆತ ಬೆಳೆದದ್ದು ದಕ್ಷಿಣದ ಬ್ಯಾರಕ್‌ಪುರದ ಬಳಿಯ ಲೆಂಗ್ವಾ ಎಂಬ ಹಳ್ಳಿಯಲ್ಲಿ. ಸುತ್ತಮುತ್ತ ಎಲ್ಲ ಭಾರತೀಯ ಮೂಲದವರ ಮನೆಗಳು. ನೆರೆಮನೆಯ ಢೋಲಕ್, ಧಂತಾಲುಗಳ ಧ್ವನಿ ಆತನಿಗೆ ಕಲಿತ ವಿದ್ಯೆಯಲ್ಲ, ಕಿವಿಗೆ ತಾನಾಗಿ ಬಂದ ಆಸ್ತಿ. ೧೯೬೦ರ ದಶಕದ ಮೊದಲಲ್ಲೇ ಹಾಡುಗಾರನಾಗಿ ಹೆಸರು ಮಾಡಿದ.

೧೯೭೦ರ ಸುಮಾರಿಗೆ ಆತನಿಗೊಂದು ಚಿಂತೆ ಹತ್ತಿತು. ಜಮೈಕಾ ದ್ವೀಪದ ರೆಗೆ ಸಂಗೀತ, ಅಮೆರಿಕದ ‘ಸೋಲ್’ ಸಂಗೀತ ಟ್ರಿನಿಡಾಡಿನ ತರುಣರನ್ನು ಸೆಳೆಯುತ್ತಿದ್ದವು. ಕ್ಯಾಲಿಪ್ಸೊ ಮುದುಕರ ಪಾಲಾಯಿತು, ಇನ್ನೇನು ಸಾಯುತ್ತದೆ ಎಂಬ ಮಾತು ಎಲ್ಲೆಲ್ಲೂ. ಹೊಸ ರಕ್ತ ಎಲ್ಲಿಂದ ತರುವುದು? ಹೊರದೇಶದಿಂದ ತರಬೇಕಾಗಿಲ್ಲ, ತನ್ನ ಹಳ್ಳಿಯಲ್ಲೇ ಇದೆ ಎಂದು ಶಾರ್ಟಿಗೆ ಹೊಳೆಯಿತು. ೧೯೭೩ರಲ್ಲಿ ಭಾರತೀಯ ಮೂಲದ ಹೆಂಗಸೊಬ್ಬಳನ್ನು ಕುರಿತು ‘ಇಂದ್ರಾಣಿ’ ಎಂಬ ಹಾಡನ್ನು ಢೋಲಕ್, ಧಂತಾಲುಗಳ ಸಮೇತ ಹಾಡಿದ. ಎರಡೂ ಕಡೆಯಿಂದ ಬೈಗುಳ ಬಂತು. ಇವನು ಕ್ಯಾಲಿಪ್ಸೊವನ್ನು ಕೆಡಿಸಿದ ಎಂದರು ಒಂದು ಕಡೆಯವರು. ನಮ್ಮ ಹೆಂಗಸರನ್ನು ಹಾಸ್ಯ ಮಾಡಿದ ಎಂದರು ಇನ್ನೊಂದು ಕಡೆಯವರು.

ಶಾರ್ಟಿ ಹಿಂಜರಿಯಲಿಲ್ಲ, ದಾರಿ ಬದಲಿಸಿದ. ಭಾರತೀಯ ವಾದ್ಯಗಳನ್ನು ಕೆಳಗಿಟ್ಟು, ಅವುಗಳ ನಡೆಯನ್ನು ಮಾತ್ರ ಉಳಿಸಿಕೊಂಡ. ಢೋಲಕ್ಕಿನ ನಡೆ ಪಾಶ್ಚಾತ್ಯ ಡ್ರಮ್ಮಿಗೆ ಹೋಯಿತು. ಧಂತಾಲಿನ ಚಿಣ್ ಚಿಣ್ ಕಬ್ಬಿಣದ ತಾಳಕ್ಕೆ ಹೋಯಿತು. ಗಿಟಾರು ಆ ನಡೆಗೆ ಹೊಂದಿಕೊಂಡಿತು. ವಾದ್ಯಮೇಳವನ್ನು ಅಳವಡಿಸಲು ಎಡ್ ವಾಟ್ಸನ್ ಎಂಬ ನಿಪುಣ ನೆರವಾದ. ೧೯೭೪ರಲ್ಲಿ ಹೊರಬಂದ ‘ಎಂಡ್‌ಲೆಸ್ ವೈಬ್ರೇಷನ್ಸ್’ ಎಂಬ ಹಾಡು ದ್ವೀಪವನ್ನೇ ಕುಣಿಸಿತು. ಬೈದವರೂ ಕುಣಿದರು. ತಾವು ಯಾವ ನಡೆಗೆ ಕುಣಿಯುತ್ತಿದ್ದೇವೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!

ಈ ನಡೆಯನ್ನು ನೀವು ಕುಳಿತಲ್ಲೇ ತಿಳಿಯಬಹುದು. ಎಂಟು ಮಾತ್ರೆಗಳನ್ನು ಎಣಿಸಿ. ಒಂದು, ನಾಲ್ಕು, ಏಳು ಇವುಗಳ ಮೇಲೆ ಒತ್ತು ಕೊಡಿ. ಎಣಿಸುವುದು ಕಷ್ಟವೆನಿಸಿದರೆ ನಮ್ಮ ಮೃದಂಗದವರ ಮಾತಿನಲ್ಲೇ ಹೇಳಿಕೊಳ್ಳಿ: ತಕಿಟ ತಕಿಟ ತಕ, ತಕಿಟ ತಕಿಟ ತಕ. ಮೂರು, ಮೂರು, ಎರಡು; ಒಟ್ಟು ಎಂಟು. ಈಗ ಕಾಲಿನಿಂದ ಎರಡೆರಡು ಮಾತ್ರೆಗೊಂದರಂತೆ ಸಮವಾಗಿ ನೆಲ ತಟ್ಟಿ. ಕಾಲು ನೇರವಾಗಿ ನಡೆಯುತ್ತದೆ, ಕೈ ಸ್ವಲ್ಪ ಓರೆಯಾಗಿ ಬೀಳುತ್ತದೆ. ಈ ನೇರಕ್ಕೂ ಓರೆಗೂ ನಡುವಿನ ಎಳೆದಾಟವೇ ಸೊಂಟವನ್ನು ಅಲುಗಿಸುವುದು. ಸೋಕಾದಲ್ಲಿ ದೊಡ್ಡ ಡ್ರಮ್ಮು ಕಾಲಿನ ಕೆಲಸ ಮಾಡುತ್ತದೆ, ಚಿಕ್ಕ ಡ್ರಮ್ಮು ಕೈಯ ಕೆಲಸ ಮಾಡುತ್ತದೆ. ಅದರ ಮೇಲೆ ಕಹಳೆಗಳು, ಮಂದ್ರದ ಗಿಟಾರು, ಬಿಡುವಿಲ್ಲದ ಕಬ್ಬಿಣದ ತಾಳ. ಮೂರು-ಮೂರು-ಎರಡರ ಈ ಗತಿ ಭಾರತದ್ದೇ ಎಂದು ನಾವು ಹೊರಟರೆ ಅನ್ಯಾಯವಾದೀತು. ಅದು ಆಫ್ರಿಕದಲ್ಲೂ ಉಂಟು, ಕ್ಯೂಬಾದಲ್ಲೂ ಉಂಟು, ಹಳೆಯ ಕ್ಯಾಲಿಪ್ಸೊದಲ್ಲೂ ಉಂಟು. ಎರಡು ಜನಾಂಗಗಳಿಗೂ ಇದು ತಮ್ಮದೆನಿಸಿದ್ದರಿಂದಲೇ ಬೆಸುಗೆ ಸುಲಭವಾಯಿತು ಎನ್ನಬೇಕು. ಶಾರ್ಟಿ ಮಾಡಿದ್ದು ಎರಡು ತೊರೆಗಳ ನಡುವಿನ ದಿಣ್ಣೆಯನ್ನು ಅಗೆದ ಕೆಲಸ.

ಇನ್ನು ಹೆಸರಿನ ವಿಚಾರ. ಈ ಹೊಸ ಸಂಗೀತಕ್ಕೆ ಶಾರ್ಟಿ ‘ಸೋಕಾ’ ಎಂದು ಹೆಸರಿಟ್ಟ. ರೋಮನ್ ಲಿಪಿಯಲ್ಲಿ ಆತ ಅದನ್ನು ಎಸ್, ಓ, ಕೆ, ಎ, ಎಚ್ ಎಂದು ಬರೆಯುತ್ತಿದ್ದ. ಆತನೇ ಕೊಟ್ಟ ವಿವರಣೆ ಹೀಗೆ: ‘ಸೋ’ ಎಂಬುದು ಕ್ಯಾಲಿಪ್ಸೊದ ಕೊನೆಯ ಅಕ್ಷರ, ‘ಕಾ’ ಎಂಬುದು ಅದರೊಳಗಿನ ಭಾರತೀಯ ಅಂಶದ ಗುರುತು. ಕಕಾರ ನಾಗರೀ ಅಕ್ಷರಮಾಲೆಯ ಮೊದಲ ವ್ಯಂಜನವಲ್ಲವೆ? ನಮ್ಮ ಕನ್ನಡದ ವ್ಯಂಜನಗಳಿಗೂ ಅದೇ ಮೊದಲು. ಆದರೆ ಪತ್ರಿಕೆಯವರು ಬರೆಯುವಾಗ ಕೆ, ಎಚ್ ಅಕ್ಷರಗಳನ್ನು ಬಿಟ್ಟು ಎಸ್, ಓ, ಸಿ, ಎ ಎಂದು ಬರೆದರು, ಅದೇ ರೂಢಿಯಾಯಿತು. ಆಮೇಲೆ ಜನ ಅದನ್ನು ‘ಸೋಲ್’ ಮತ್ತು ‘ಕ್ಯಾಲಿಪ್ಸೊ’ ಎರಡರ ಮೊದಲ ತುಣುಕುಗಳೆಂದು ಬಿಡಿಸಿ ಅರ್ಥಮಾಡಿಕೊಂಡರು. ಕ್ಯಾಲಿಪ್ಸೊದ ಆತ್ಮ ಎಂಬ ಈ ಅರ್ಥವೂ ಚೆನ್ನಾಗಿಯೇ ಇದೆ. ಶಾರ್ಟಿಯೂ ಆ ಮಾತನ್ನು ಬಳಸಿದವನೇ. ಆದರೆ ಎರಡು ಅಕ್ಷರ ಬದಲಾದ ಮಾತ್ರಕ್ಕೆ ಒಂದು ಜನಾಂಗದ ಪಾಲು ಹೆಸರಿನಿಂದ ಮರೆಯಾಯಿತು. ದಾಖಲೆಗಳಲ್ಲಿ ಕಾಗುಣಿತ ತಪ್ಪಿದರೆ ಆಸ್ತಿಯೇ ಕೈತಪ್ಪುವುದುಂಟೆಂದು ನಮಗೆ ಯಾರೂ ಹೇಳಬೇಕಾಗಿಲ್ಲ.

ಆ ಹೊತ್ತಿಗೆ ಟ್ರಿನಿಡಾಡಿನ ಎಣ್ಣೆಗೆ ಬೆಲೆ ಏರಿ, ಜನರ ಕೈಯಲ್ಲಿ ಹಣ ಓಡಾಡತೊಡಗಿತ್ತು. ಹಬ್ಬದ ಕೂಟಗಳು ಹೆಚ್ಚಿದವು. ಕುಳಿತು ಕೇಳುವ ಹಾಡಿಗಿಂತ ಎದ್ದು ಕುಣಿಯುವ ಹಾಡಿಗೆ ಬೇಡಿಕೆ ಬಂತು. ಮಾಯೆಸ್ಟ್ರೊ ಎಂಬ ತರುಣ ಹೊಸ ಸಂಗೀತವನ್ನು ಕೈಗೆತ್ತಿಕೊಂಡ. ಹಳೆಯ ಹುಲಿ ಲಾರ್ಡ್ ಕಿಚನರ್ ಕೂಡ ೧೯೭೮ರಲ್ಲಿ ಸೋಕಾ ಹಾಡಿ ಗೆದ್ದ. ೧೯೮೨ರಲ್ಲಿ ಮಾಂಟ್‌ಸೆರಾಟ್ ಎಂಬ ಪುಟ್ಟ ದ್ವೀಪದ ಆರೋ ಎಂಬಾತ ‘ಹಾಟ್ ಹಾಟ್ ಹಾಟ್’ ಹಾಡಿದಾಗ ಸೋಕಾ ಜಗತ್ತಿನ ಮೂಲೆ ಮೂಲೆಗೆ ಹೋಯಿತು. ಬೊಂಬಾಯಿಯ ಬಾಬ್ಲಾ ಮತ್ತು ಕಂಚನ್ ಜೋಡಿ ಅದನ್ನು ಹಿಂದಿಗೆ ತಂದು ‘ಕುಛ್ ಗಡಬಡ್ ಹೈ’ ಎಂದು ಹಾಡಿದರು. ಬಾಬ್ಲಾ, ಕಲ್ಯಾಣ್‌ಜಿ–ಆನಂದ್‌ಜಿಯವರ ತಮ್ಮ. ಹೀಗೆ ಭಾರತದ ಹಳ್ಳಿಯ ನಡೆ ಹಡಗು ಹತ್ತಿ ಹೋಗಿ, ನೂರಮೂವತ್ತು ವರ್ಷಗಳ ಮೇಲೆ ವೇಷ ಬದಲಿಸಿಕೊಂಡು ಮನೆಗೆ ಮರಳಿತು.

ಟ್ರಿನಿಡಾಡಿನಲ್ಲಿ ಮಾತ್ರ ವಾದ ಮುಗಿದಿರಲಿಲ್ಲ. ೧೯೭೯ರಲ್ಲಿ ಬ್ಲ್ಯಾಕ್ ಸ್ಟ್ಯಾಲಿನ್ ಎಂಬ ಹೆಸರಾಂತ ಹಾಡುಗಾರ ಕೆರಿಬಿಯನ್ ದ್ವೀಪಗಳ ಐಕ್ಯವನ್ನು ಕುರಿತ ಹಾಡಿನಿಂದ ಸ್ಪರ್ಧೆಯಲ್ಲಿ ಗೆದ್ದ. ಒಡೆದುಹೋದ ದ್ವೀಪಗಳನ್ನು ಒಂದುಗೂಡಿಸಲಾರದ ರಾಜಕಾರಣಿಗಳನ್ನು ಚುಚ್ಚುವುದು ಆತನ ಉದ್ದೇಶ. ಆದರೆ ಕೆರಿಬಿಯನ್ ಜನರೆಲ್ಲ ಒಂದೇ ಕುಲದವರು, ಒಂದೇ ಹಡಗಿನಲ್ಲಿ ಬಂದವರು ಎಂಬ ಭಾವ ಅದರಲ್ಲಿತ್ತು. ಬೇರೆ ಹಡಗಿನಲ್ಲಿ ಬಂದವರು ಕೇಳಿದರು: ‘ಹಾಗಾದರೆ ನಾವು ಯಾರು?’ ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು. ಒಂದು ಹಾಡಿನ ಮೇಲೆ ಇಷ್ಟು ಕೋಲಾಹಲವೇ ಎಂದು ಹೊರಗಿನವರಿಗೆ ಅನಿಸೀತು. ತಾತ ಮುತ್ತಾತಂದಿರು ಕಬ್ಬು ಕಡಿದ ನೆಲದಲ್ಲಿ ತಮ್ಮನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದು ಕಂಡವರಿಗೆ ಅದು ಹಾಡು ಮಾತ್ರವಾಗಿರಲಿಲ್ಲ.

ಇದಕ್ಕೆ ಉತ್ತರವೂ ಹಾಡಿನಿಂದಲೇ ಬಂತು. ಭಾರತೀಯ ಮೂಲದವರ ಮದುವೆಗೆ ಮುಂಚೆ ಹೆಂಗಸರೇ ಕೂಡಿ ಹಾಡಿ ಕುಣಿಯುವ ಸಂಪ್ರದಾಯವೊಂದುಂಟು. ಅಲ್ಲಿನ ಚುರುಕಾದ ಹಾಡುಗಳಿಗೆ ‘ಚಟ್ನಿ’ ಎಂದೇ ಹೆಸರು. ನಾಲಗೆಗೆ ಖಾರ ತಾಗಿದಂತೆ ಕಿವಿಗೂ ತಾಗಬೇಕು. ೧೯೭೦ರಲ್ಲಿ ಸುಂದರ್ ಪೋಪೋ ಅಜ್ಜ-ಅಜ್ಜಿಯರನ್ನು ಕುರಿತು ಹಾಡಿ ಅದನ್ನು ಮದುವೆ ಮನೆಯಿಂದ ಹೊರಗೆ ತಂದ. ೧೯೮೭ರಲ್ಲಿ ದ್ರೌಪತೀ ರಾಮ್‌ಗೂನಾಯ್ ಎಂಬ ತರುಣಿ ಚಟ್ನಿಯನ್ನೂ ಸೋಕಾವನ್ನೂ ಬೆರೆಸಿ, ‘ಚಟ್ನಿ ಸೋಕಾ’ ಎಂದೇ ಹೆಸರು ಕೊಟ್ಟು ಹಾಡಿದಳು. ಹಿಂದೂ ಮನೆತನದ ಹೆಣ್ಣು ಕಾರ್ನಿವಲ್ ವೇದಿಕೆಯ ಮೇಲೆ ನಿಲ್ಲುವುದೆ ಎಂದು ಆಕೆಯ ಜನವೇ ಪತ್ರಿಕೆಗಳಿಗೆ ಬರೆದು ಖಂಡಿಸಿದರು. ಆಕೆ ಹಾಡುವುದನ್ನು ಬಿಡಲಿಲ್ಲ; ಮರುವರ್ಷ ತಾಸೆಯನ್ನೇ ಕೊಂಡಾಡಿ ಇನ್ನೊಂದು ಹಾಡು ಹಾಡಿದಳು, ಅದು ಎಲ್ಲರ ಬಾಯಲ್ಲೂ ನಲಿಯಿತು. ಶಾರ್ಟಿ ಒಂದು ದಡದಿಂದ ಇಳಿದಿದ್ದರೆ ಆಕೆ ಎದುರು ದಡದಿಂದ ಇಳಿದು ನಡುನೀರಿಗೆ ಬಂದಳು. ೧೯೯೬ರಲ್ಲಿ ಬ್ರದರ್ ಮಾರ್ವಿನ್ ಎಂಬಾತ ‘ಜಹಾಜಿ ಭಾಯಿ’ ಎಂದು ಹಾಡಿದ. ಒಂದೇ ಹಡಗಿನಲ್ಲಿ ಬಂದ ಕೂಲಿಗಳು ಜಾತಿಯನ್ನು ಮರೆತು ಒಬ್ಬರನ್ನೊಬ್ಬರು ಕರೆದುಕೊಳ್ಳುತ್ತಿದ್ದ ಮಾತು ಅದು. ಆಫ್ರಿಕನ್, ಭಾರತೀಯ ಎರಡೂ ರಕ್ತಗಳು ತನ್ನಲ್ಲಿವೆ ಎಂದ ಹಾಡುಗಾರ ಆ ಮಾತನ್ನು ಎಲ್ಲರಿಗೂ ಹಂಚಿದ. ಅದೇ ವರ್ಷ ಚಟ್ನಿ ಸೋಕಾಕ್ಕೆಂದೇ ಒಂದು ಸ್ಪರ್ಧೆ ಏರ್ಪಟ್ಟಿತು.

ಸೋಕಾದ ಮೇಲೆ ಇನ್ನೊಂದು ಆಕ್ಷೇಪವೂ ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಕ್ಯಾಲಿಪ್ಸೊದಲ್ಲಿ ಮಾತು ಮುಂದೆ, ತಾಳ ಹಿಂದೆ. ಸೋಕಾದಲ್ಲಿ ತಾಳ ಮುಂದಾಗಿ ಮಾತು ಸೊರಗಿತು ಎನ್ನುತ್ತಾರೆ ಹಿರಿಯರು. ೧೯೯೦ರ ದಶಕದಿಂದ ಈಚೆಗೆ ವೇಗ ಇನ್ನೂ ಹೆಚ್ಚಿದೆ. ರಭಸದ ಸೋಕಾದಲ್ಲಿ ನಿಮಿಷಕ್ಕೆ ಸುಮಾರು ೧೬೦ ಹೊಡೆತ ಬೀಳುತ್ತವೆ. ಹಾಡುಗಾರ ‘ಕೈ ಎತ್ತಿ, ಜಿಗಿಯಿರಿ, ವಸ್ತ್ರ ಬೀಸಿ’ ಎಂದು ಅಪ್ಪಣೆ ಕೊಡುತ್ತಾನೆ, ಸಾವಿರಾರು ಜನ ಹಾಗೆಯೇ ಮಾಡುತ್ತಾರೆ. ಸೊಂಟ ಬಳುಕಿಸುವ ಕುಣಿತವಂತೂ ನಮ್ಮ ಕಣ್ಣಿಗೆ ಸಂಕೋಚ ತರಬಹುದು. ಜನಕನಾದ ಶಾರ್ಟಿಗೇ ತನ್ನ ಕೂಸು ಹಿಡಿದ ದಾರಿ ಸಮಾಧಾನ ಕೊಡಲಿಲ್ಲ. ಆತ ಭೋಗದ ಬದುಕನ್ನು ತೊರೆದು, ಹೆಂಡತಿ ಮಕ್ಕಳೊಡನೆ ಪಿಪಾರೊ ಎಂಬಲ್ಲಿನ ಕಾಡಿಗೆ ಹೋಗಿ ನೆಲೆಸಿದ. ರಾಸ್ ಶಾರ್ಟಿ ಐ ಎಂದು ಹೆಸರು ಬದಲಿಸಿಕೊಂಡು ‘ಜಾಮೂ’ ಎಂಬ ಭಕ್ತಿಸಂಗೀತವನ್ನು ಕಟ್ಟಿದ. ಮಾದಕ ವಸ್ತುಗಳಿಂದ ದೂರವಿರಿ ಎಂದು ಮಕ್ಕಳಿಗೆ ಹೇಳುವ ಹಾಡೊಂದನ್ನು ಹಾಡಿದ. ೨೦೦೦ದ ಜುಲೈಯಲ್ಲಿ ತೀರಿಕೊಂಡ.

ಹಿರಿಯರ ಆಕ್ಷೇಪದಲ್ಲಿ ಸತ್ಯವಿದೆ. ಆದರೂ ಸೋಕಾದ ಅರ್ಥವನ್ನು ಅದರ ಸಾಲುಗಳಲ್ಲಿ ಮಾತ್ರ ಹುಡುಕಿದರೆ ಸಿಕ್ಕಲಾರದು. ಒಬ್ಬ ಕೂಗಿ ಹಲವರು ಉತ್ತರಿಸುವ ಹಳೆಯ ಕ್ರಮವನ್ನೇ ನೋಡಿ: ಹಿಂದೆ ಬಾಯಿಂದ ಉತ್ತರಿಸುತ್ತಿದ್ದರು, ಈಗ ಮೈಯೆಲ್ಲ ಉತ್ತರಿಸುತ್ತದೆ. ಅಪ್ಪಣೆಯಿಲ್ಲದೆ ತೋಟ ಬಿಟ್ಟು ಕದಲಲಾಗದಿದ್ದವರ ಮೊಮ್ಮಕ್ಕಳು, ಕರಾರಿನ ಚೀಟಿ ಇಲ್ಲದೆ ರಸ್ತೆಗೆ ಬಂದರೆ ಸೆರೆಮನೆಗೆ ಹೋಗುತ್ತಿದ್ದವರ ಮೊಮ್ಮಕ್ಕಳು, ಇಬ್ಬರೂ ವರ್ಷಕ್ಕೆ ಎರಡು ದಿನ ಅದೇ ರಸ್ತೆಯನ್ನು ತಮ್ಮದಾಗಿ ಮಾಡಿಕೊಳ್ಳುತ್ತಾರೆ. ಆ ಎರಡು ದಿನ ಬೀದಿಯ ಮೇಳಗಳು ಅತಿ ಹೆಚ್ಚು ಸಲ ನುಡಿಸಿದ ಹಾಡಿಗೆ ‘ರಸ್ತೆಯ ನಡೆಗೀತೆ’ ಎಂಬ ಬಿರುದು ಸಲ್ಲುತ್ತದೆ. ಹಾಗೆಂದು ಸೋಕಾ ಎಲ್ಲ ಜಗಳವನ್ನೂ ತೀರಿಸಿತು ಎಂದುಕೊಳ್ಳಬಾರದು. ಬುಧವಾರ ಬೆಳಗಾದರೆ ಅದೇ ಮತಗಳ ಲೆಕ್ಕ, ಅದೇ ಮುನಿಸು ಮರಳಿ ಬರುತ್ತದೆ. ಸಂಗೀತ ಮಾಡಬಲ್ಲದ್ದು ಇಷ್ಟು: ಕೂಡಿ ಬಾಳುವುದು ಹೇಗಿರುತ್ತದೆಂದು ಎರಡು ದಿನ ಮೈಗೆ ತಿಳಿಸಿಕೊಟ್ಟು ಹೋಗುತ್ತದೆ. ಮೈ ಒಮ್ಮೆ ಕಲಿತದ್ದನ್ನು ಬೇಗ ಮರೆಯುವುದಿಲ್ಲ.

ಆದ್ದರಿಂದ ಇನ್ನು ಮುಂದೆ ರೇಡಿಯೋದಲ್ಲಿ ಎಲ್ಲಿಯಾದರೂ ಕೆರಿಬಿಯನ್ ಹಾಡು ಕೇಳಿಬಂದರೆ, ಗದ್ದಲವೆಂದು ಕೂಡಲೆ ಮುಂದಕ್ಕೆ ತಿರುಗಿಸಬೇಡಿ. ಮೊದಲು ಮಾತನ್ನು ಬಿಟ್ಟು ತಾಳವನ್ನು ಕೇಳಿ. ತಕಿಟ ತಕಿಟ ತಕ ಎಂದು ಚಿಕ್ಕ ಡ್ರಮ್ಮು ಬೀಳುವುದು ಕೇಳಿಸೀತು. ಅದರ ಮೇಲೆ ಸಣ್ಣಗೆ, ಎಡೆಬಿಡದೆ ಕಬ್ಬಿಣದ ನಾದ ಕೇಳಿಸೀತು. ಅದು ಮೋಟಾರಿನ ಬ್ರೇಕ್ ಡ್ರಮ್ಮಿನದೋ ಧಂತಾಲಿನದೋ ಎಂದು ಬಿಡಿಸಿ ಹೇಳುವುದು ಕಷ್ಟ. ಬಿಡಿಸಲಾಗದಂತೆ ಬೆರೆಸಬೇಕೆಂಬುದೇ ಶಾರ್ಟಿಯ ಆಸೆಯಾಗಿತ್ತು. ಹೆಸರನ್ನು ರೋಮನ್ ಲಿಪಿಯಲ್ಲಿ ಹೇಗಾದರೂ ಬರೆದುಕೊಳ್ಳಲಿ. ನಾವು ಕನ್ನಡದಲ್ಲಿ ಬರೆಯುವಾಗ ಆತ ಇಟ್ಟ ಕಕಾರ ಅದರಲ್ಲಿ ಇದ್ದೇ ಇರುತ್ತದೆ.